ಸೋಲಬಲ್ಲ ಪರೀಕ್ಷೆ: ವೇರಿಯನ್ಸ್ ಫಂಕ್ಷನ್ನಿನ ಯುನಿಟ್ ಟೆಸ್ಟನ್ನು ತಿದ್ದುವ ಬಗೆ

2014ರಲ್ಲಿ ಪೈಥಾನಿನ 3.4ನೆಯ ಆವೃತ್ತಿಯೊಡನೆ ಬಂದ ‘ಸ್ಟ್ಯಾಟಿಸ್ಟಿಕ್ಸ್’ ಲೈಬ್ರರಿಯಲ್ಲಿ, ಅಂಕಿಗಳು ಸರಾಸರಿಯಿಂದ ಎಷ್ಟರಮಟ್ಟಿಗೆ ಚದರಿವೆಯೆಂಬುದನ್ನು ಅಳೆಯುವ ‘ವೇರಿಯನ್ಸ್’ ಎಂಬ ಫಂಕ್ಷನ್ ಉಂಟು. ಅಂಥದೊಂದನ್ನು ತಾವೇ ರಚಿಸಿ, 5, 5, 5, 5 ಎಂಬ ಅಂಕಿಗಳನ್ನು ಕೊಟ್ಟು, ಉತ್ತರವು ಸೊನ್ನೆಯೆಂದು ಕಂಡೊಡನೆ ಯುನಿಟ್ ಟೆಸ್ಟ್ ಮುಗಿಯಿತೆಂದು ಭಾವಿಸುವವರು ವಿರಳರಲ್ಲ; ಭಾಜಕವು ತಪ್ಪಿದ್ದರೂ ಇಲ್ಲಿ ಸೊನ್ನೆಯೇ ಬರುವುದರಿಂದ ಅದು ಪರೀಕ್ಷೆಯೆನಿಸಲಾರದು.

ಆದ್ದರಿಂದ ಮೊದಲು, ಕೈಯಿಂದಲೇ ಲೆಕ್ಕ ಹಾಕಬಹುದಾದ ಅಸಮಾನ ಅಂಕಿಗಳನ್ನು ಆರಿಸತಕ್ಕದ್ದು. ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿಗಳಲ್ಲಿ ತಲಾ 6 ಮಿಲಿಮೀಟರ್, ಜಗಳೂರಿನಲ್ಲಿ 2 ಮಿಲಿಮೀಟರ್ ಮಳೆಯಾಯಿತೆಂದು ಕಲ್ಪಿಸೋಣ (ಬರಕ್ಕೆ ಹೆಸರಾದ ಆ ಸೀಮೆಗೆ ಕಲ್ಪನೆಯಲ್ಲಿಯೂ ಅನ್ಯಾಯವೇ!). ಸರಾಸರಿ 5, ಅದರಿಂದಾದ ಅಂತರಗಳ ವರ್ಗಗಳ ಮೊತ್ತ 12. ನಾಲ್ಕೂ ತಾಲ್ಲೂಕುಗಳೇ ಸಮಗ್ರವೆಂದು ಬಗೆದು 4ರಿಂದ ಭಾಗಿಸಿದರೆ 3. ಅವು ಹಿರಿದೊಂದು ಸಮೂಹದ ಮಾದರಿಯೆಂದೆಣಿಸಿ, ಒಂದು ಕಡಮೆ ಮಾಡಿ 3ರಿಂದ ಭಾಗಿಸಿದರೆ 4. ಪೈಥಾನಿನ ‘ವೇರಿಯನ್ಸ್’ ಎರಡನೆಯ ಬಗೆಯದು. ಟೆಸ್ಟಿನಲ್ಲಿ 4 ಎಂಬ ಅಂಕಿಯನ್ನೇ ಬರೆಯಿರಿ. ಫಂಕ್ಷನ್ನಿನ ಸೂತ್ರವನ್ನೇ ಅಲ್ಲಿ ಮರಳಿ ಬರೆದರೆ, ಅದರೊಳಗಿನ ದೋಷವೂ ಜೊತೆಗೇ ನಕಲಾಗುತ್ತದೆ.

ಬಳಿಕ ಅದೇ ಅಂಕಿಗಳನ್ನು ಫ್ಲೋಟ್ ರೂಪದಲ್ಲಿರಿಸಿ, ಒಂದೊಂದಕ್ಕೂ ನೂರು ಕೋಟಿಯನ್ನು ಕೂಡಿಸಿ ನೋಡಿರಿ. ಚದರಿಕೆ ಬದಲಾಗದಿರುವುದರಿಂದ ಉತ್ತರವು 4 ಆಗಿಯೇ ಉಳಿಯಬೇಕು. ಆದರೆ ವರ್ಗಗಳ ಮೊತ್ತದಿಂದ, ಮೊತ್ತದ ವರ್ಗವನ್ನು ಅಂಕಿಗಳ ಎಣಿಕೆಯಿಂದ ಭಾಗಿಸಿ ಬಂದುದನ್ನು ಕಳೆಯುವ ಸುಲಭಸೂತ್ರವನ್ನು ನಂಬಿದ ಫಂಕ್ಷನ್, ಸುಮಾರು ಹದಿನಾರು ಅಂಕೆಗಳನ್ನಷ್ಟೇ ನೆನಪಿಡಬಲ್ಲ ಫ್ಲೋಟಿನಲ್ಲಿ ಅತಿ ಬೃಹತ್ತಾದ ಎರಡು ಸಂಖ್ಯೆಗಳನ್ನು ಒಂದರಿಂದೊಂದು ಕಳೆಯಹೋಗಿ, ಬೇಕಾದ ಅಂಕೆಗಳನ್ನೆಲ್ಲ ಕಳೆದುಕೊಳ್ಳುವುದು. ಕೆಲವೊಮ್ಮೆ ಋಣಸಂಖ್ಯೆಯನ್ನೇ ಕೊಡುವುದು. ನನ್ನ ಮಟ್ಟಿಗೆ ಇದೇ ಅತ್ಯಂತ ಫಲಪ್ರದವಾದ ಪರೀಕ್ಷೆ.

ಇಲ್ಲದ ಅಂಕಿಯದು ಬೇರೆಯೇ ಪ್ರಶ್ನೆ. ನ್ಯಾಮತಿಯು ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾದುದು ಇತ್ತೀಚೆಗೆ. ಹಳೆಯ ವರ್ಷಗಳ ತಾಲ್ಲೂಕುವಾರು ಪಟ್ಟಿಯಲ್ಲಿ ಅದರ ಸಾಲು ಬರಿದಾಗಿರುವುದು ಸಹಜ. ಆ ಬರಿದನ್ನು ಸೊನ್ನೆಯೆಂದು ಓದಿದರೆ ಮಳೆಯೇ ಆಗಲಿಲ್ಲವೆಂದಂತಾಗುತ್ತದೆ. ಫಂಕ್ಷನ್ ಅದನ್ನು ನಿರಾಕರಿಸಬೇಕೋ ಕೈಬಿಡಬೇಕೋ ಎಂಬುದನ್ನು ನಿಶ್ಚಯಿಸಿ, ಆ ನಿಶ್ಚಯವನ್ನೇ ಟೆಸ್ಟಾಗಿ ಬರೆಯತಕ್ಕದ್ದು. ಕೈಬಿಟ್ಟಲ್ಲಿ ಉತ್ತರವು 16ರ ಮೂರನೆಯ ಒಂದು ಭಾಗವಾಗುವುದರಿಂದ, ಸಮವೇ ಎಂದು ಕೇಳದೆ, ಸಾಕಷ್ಟು ಸಮೀಪವೇ ಎಂದು ಕೇಳಬೇಕು.

ಖಾಲಿ ಪಟ್ಟಿಗೂ ಒಂದೇ ಅಂಕಿಯ ಪಟ್ಟಿಗೂ ‘ವೇರಿಯನ್ಸ್’ ದೋಷಸೂಚನೆ ಕೊಡುತ್ತದೆ. ಅದಕ್ಕೂ ಎರಡು ಸಾಲು ಸೇರಿಸಿರಿ. ಕಡೆಯದಾಗಿ, ಫಂಕ್ಷನ್ನಿನ ಭಾಜಕವನ್ನು ಬೇಕೆಂದೇ 3ರ ಬದಲು 4 ಬರುವಂತೆ ಕೆಡಿಸಿ ಟೆಸ್ಟನ್ನು ಓಡಿಸಿರಿ: ಆಗಲೂ ಅದು ಉತ್ತೀರ್ಣವಾದರೆ ಟೆಸ್ಟನ್ನೇ ಪುನಃ ಬರೆಯಬೇಕು.