ತಾಳದ ತುಂಡುಗಳನ್ನು ಆರಿಸುವ ಬಗೆ

ಸಂಗೀತದ ಒಂದು ಚಿಕ್ಕ ಭಾಗವನ್ನು ಆದಿ ಅಂತ್ಯ ಕೂಡುವಂತೆ ಮತ್ತೆ ಮತ್ತೆ ನುಡಿಸಿದರೆ ಅದಕ್ಕೆ ಲೂಪ್ ಎಂದು ಹೆಸರು. ಕಂಪ್ಯೂಟರಿನಲ್ಲಿ ಅದನ್ನು ಪೆಟ್ಟು ಪೆಟ್ಟಿಗೆ ಕತ್ತರಿಸಿ, ತುಂಡುಗಳ ಅನುಕ್ರಮವನ್ನು ಬದಲಿಸಿ, ಹೊಸ ನಡೆಯನ್ನು ಹುಟ್ಟಿಸಬಹುದು. ಸ್ವೀಡನ್ನಿನ ಪ್ರೊಪೆಲ್ಲರ್‌ಹೆಡ್ ಸಂಸ್ಥೆ 1994ರಲ್ಲಿ ಹೊರತಂದ ರಿಸೈಕಲ್ ಎಂಬ ತಂತ್ರಾಂಶದಿಂದ ಈ ಕೆಲಸ ಸುಲಭವಾಯಿತು. ಏಬಲ್ಟನ್ ಲೈವ್ ಮೊದಲಾದವುಗಳಲ್ಲಿಯೂ ಈ ಸೌಲಭ್ಯವುಂಟು. ಗುಂಡಿಗಳ ಹೆಸರು ಬೇರೆಯಾದರೂ ತತ್ತ್ವ ಒಂದೇ. ಆಸಕ್ತ ವಾಚಕರಿಗಾಗಿ ಅದನ್ನು ಇಲ್ಲಿ ಕ್ರಮವಾಗಿ ತಿಳಿಸುತ್ತೇವೆ.

1. ಎಣಿಕೆ. ಮೊದಲು ಲೂಪಿನಲ್ಲಿ ಎಷ್ಟು ಎಣಿಕೆಗಳಿವೆ ಎಂಬುದನ್ನು ಕೈಯಲ್ಲಿ ತಾಳ ಹಾಕಿ ನಿರ್ಧರಿಸಬೇಕು. ನಿಮಿಷಕ್ಕೆ 120 ಎಣಿಕೆಯಾದರೆ ಒಂದು ಎಣಿಕೆಗೆ ಅರ್ಧ ಸೆಕೆಂಡ್. 4 ಎಣಿಕೆಗೆ 2 ಸೆಕೆಂಡ್. ಅದನ್ನು 16 ಸಮಭಾಗ ಮಾಡಿದರೆ ಒಂದೊಂದು 0.125 ಸೆಕೆಂಡ್. ನಾವು ಬೇರೆ ಹೇಳದಿದ್ದರೆ ಯಂತ್ರ ಸಾಮಾನ್ಯವಾಗಿ ನಾಲ್ಕರ ಲೆಕ್ಕವನ್ನೇ ಹಿಡಿಯುತ್ತದೆ. ಆದಿತಾಳದ 8 ಎಣಿಕೆ ಇದಕ್ಕೆ ಒಗ್ಗುತ್ತದೆ. ಮಿಶ್ರಛಾಪುವಿನ 7 ಒಗ್ಗದು. ಮೂರೂವರೆ ಸೆಕೆಂಡಿನ 7 ಎಣಿಕೆಯನ್ನು ಯಂತ್ರ 8 ಎಂದು ಓದಿದರೆ, ವೇಗ 120ರ ಬದಲು 137 ಎಂದು ತೋರುತ್ತದೆ. ಆಮೇಲೆ ಏನು ಜೋಡಿಸಿದರೂ ತಾಳಕ್ಕೆ ಕೂಡದು.

2. ಸೂಕ್ಷ್ಮತೆ. ಶಬ್ದ ಥಟ್ಟನೆ ಏರುವ ಸ್ಥಳವನ್ನು ಯಂತ್ರ ಪೆಟ್ಟು ಎಂದು ಭಾವಿಸಿ ಅಲ್ಲಿ ಗೆರೆ ಹಾಕುತ್ತದೆ. ಎಷ್ಟು ಚಿಕ್ಕ ಏರಿಕೆಯನ್ನು ಲೆಕ್ಕಕ್ಕೆ ಹಿಡಿಯಬೇಕೆಂಬುದನ್ನು ಸೆನ್ಸಿಟಿವಿಟಿ ಎಂಬ ಜಾರುಗುಂಡಿಯಿಂದ ತಿಳಿಸಬೇಕು. ಅತಿ ಕಡಿಮೆಯಾದರೆ ದೊಡ್ಡ ಪೆಟ್ಟುಗಳು ಮಾತ್ರ ಸಿಗುತ್ತವೆ. ಅತಿ ಹೆಚ್ಚಾದರೆ ಕೆಮ್ಮು, ಬೆರಳಿನ ಉಜ್ಜು ಕೂಡ ತುಂಡಾಗುತ್ತವೆ. ಆದುದರಿಂದ ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ಏರಿಸುತ್ತ, ಕಿವಿಗೆ ಕೇಳಿದ ಪೆಟ್ಟುಗಳನ್ನೂ ಕಣ್ಣಿಗೆ ಕಾಣುವ ಗೆರೆಗಳನ್ನೂ ತಾಳೆ ನೋಡಬೇಕು. ಮುಖ್ಯ ಪೆಟ್ಟುಗಳೆಲ್ಲ ಬಂದ ಮೇಲೆ ಅಲ್ಲಿಗೇ ನಿಲ್ಲಿಸಿ, ಉಳಿದುದನ್ನು ಕೈಯಿಂದ ಸೇರಿಸುವುದೂ ತೆಗೆಯುವುದೂ ಲೇಸು. ತಬಲದ ಎಡಗೈಯ ಜಾರುನಾದ ಒಂದೇ ಪೆಟ್ಟು. ಅದರ ನಡುವೆ ಗೆರೆ ಬಿದ್ದಿದ್ದರೆ ಅಳಿಸತಕ್ಕದ್ದು.

3. ಅಂಚು. ಗೆರೆ ಕೂದಲೆಳೆಯಷ್ಟು ತಡವಾದರೂ ಪೆಟ್ಟಿನ ಮೊನೆ ಹೋಗಿ ನಾದ ಮೊಂಡಾಗುತ್ತದೆ. ಮುಂಚೆ ಬಿದ್ದರೆ ಹಿಂದಿನ ಪೆಟ್ಟಿನ ಬಾಲ ಸೇರುತ್ತದೆ. ಶಬ್ದದ ಅಲೆ ನಡುಗೆರೆಯನ್ನು ದಾಟುವಲ್ಲಿ ಕತ್ತರಿಸಬೇಕು. ಇಲ್ಲದಿದ್ದರೆ ಟಕ್ ಎಂಬ ಅಪಸ್ವರ ಕೇಳುತ್ತದೆ.

4. ಆಯ್ಕೆ. ಅಚ್ಚಿನ ಬಟ್ಟೆಯಲ್ಲಿ ಅಂಚನ್ನು ಹಾಗೆಯೇ ಇಟ್ಟು ಒಡಲಿನ ಹೂವನ್ನು ಮಾತ್ರ ಬದಲಿಸುವಂತೆ, ಸಮದ ಪೆಟ್ಟನ್ನೂ ಇತರ ಬಲವಾದ ಪೆಟ್ಟುಗಳನ್ನೂ ಕದಲಿಸದೆ, ನಡುವಣ ಹಗುರ ತುಂಡುಗಳನ್ನು ಅದಲುಬದಲು ಮಾಡಬೇಕು. ಎಲ್ಲವನ್ನೂ ಯಂತ್ರದ ಮನಸ್ಸಿಗೆ ಬಿಟ್ಟರೆ ತಾಳ ಉಳಿಯದು. ವೇಗ ಇಳಿಸಿದಾಗ ತುಂಡುಗಳ ನಡುವೆ ತೆರಪು ಬೀಳುತ್ತದೆ. ಆಗ ಪ್ರತಿ ತುಂಡಿನ ಬಾಲವನ್ನು ಸ್ವಲ್ಪ ಉದ್ದ ಮಾಡಬೇಕು. ತಂಬೂರಿಯಂಥ ಎಡೆಬಿಡದ ನಾದಕ್ಕೆ ಈ ಕತ್ತರಿ ಸಲ್ಲದು.

5. ಒಡೆತನ. ಇದು ಎಲ್ಲಕ್ಕಿಂತ ದೊಡ್ಡ ಮಾತು. ಅಮೆರಿಕದ ವಿನ್‌ಸ್ಟನ್ಸ್ ತಂಡ 1969ರಲ್ಲಿ ಹೊರತಂದ 'ಅಮೆನ್, ಬ್ರದರ್' ಎಂಬ ಮುದ್ರಿಕೆಯಲ್ಲಿ ಗ್ರೆಗರಿ ಕೋಲ್ಮನ್ ಎಂಬವರು ಸುಮಾರು 7 ಸೆಕೆಂಡ್ ಒಬ್ಬರೇ ಡ್ರಮ್ ಬಾರಿಸಿದ್ದಾರೆ. ಆ 7 ಸೆಕೆಂಡನ್ನು ತುಂಡರಿಸಿ ಜೋಡಿಸಿದ ಹಾಡುಗಳು ಸಾವಿರಾರು. ಕೋಲ್ಮನ್ನರಿಗೆ ಅದರಿಂದ ಗೌರವಧನ ದೊರೆಯಲಿಲ್ಲ. ಅವರು 2006ರಲ್ಲಿ ಬಡತನದಲ್ಲಿಯೇ ತೀರಿಕೊಂಡರು. ತಂಡದ ನಾಯಕ ರಿಚರ್ಡ್ ಸ್ಪೆನ್ಸರರಿಗೆ 2015ರಲ್ಲಿ ಅಭಿಮಾನಿಗಳು 24,000 ಪೌಂಡ್ ಕೂಡಿಸಿ ಕೊಟ್ಟರು. ಅದು ದಾನವೇ ಹೊರತು ಹಕ್ಕಿನ ಹಣವಲ್ಲ.

ದುಡಿದವನ ಕೂಲಿ ಎಂದರೇನೆಂಬುದನ್ನು ನಮ್ಮಂಥವರಿಗೆ ಯಾರೂ ವಿವರಿಸಬೇಕಾಗಿಲ್ಲ. ಊರ ಜಾತ್ರೆಯ ತಮಟೆಯ ನಾದವನ್ನು ಮೊಬೈಲಿನಲ್ಲಿ ಹಿಡಿದು ತಂದಿರುವ ಸದಸ್ಯರು, ಮೊದಲ ಗೆರೆ ಹಾಕುವ ಮುನ್ನ ಬಾರಿಸಿದವರ ಒಪ್ಪಿಗೆ ಕೇಳಬೇಕು. ಕಡತದ ಹೆಸರಿನಲ್ಲಿಯೇ ಅವರ ಹೆಸರನ್ನೂ ಊರನ್ನೂ ಬರೆಯಬೇಕು. ಅದರಿಂದ ನಾಲ್ಕು ಕಾಸು ಬಂದರೆ ಅವರ ಪಾಲನ್ನು ಕಳುಹಿಸಬೇಕು. ತುಂಡು ಎಷ್ಟೇ ಸಣ್ಣದಾದರೂ ಅದರ ಹಿಂದೆ ಒಂದು ಕೈ ಇದ್ದೇ ಇರುತ್ತದೆ.