ಬೇಸ್‌ಮೆಂಟಿಗೆ ಬಂದ ಕರೆಯದ ನೆಂಟ

ಪೆನ್ಸಿಲ್ವೇನಿಯಾದಲ್ಲಿ ಮನೆ ಕೊಳ್ಳುತ್ತಿದ್ದೀಯಂತೆ. ಸಂತೋಷ. ಫೋಟೊ ನೋಡಿದೆ. ಅಡುಗೆಮನೆ ಒಂದೇ ನಮ್ಮ ಮೈಸೂರಿನ ಮನೆಯಷ್ಟಿದೆ. ಹಿತ್ತಲಲ್ಲಿ ಮೇಪಲ್ ಮರ, ಮುಂದೆ ಎರಡು ಕಾರಿಗೆ ಜಾಗ, ಕೆಳಗೆ ದೊಡ್ಡ ಬೇಸ್‌ಮೆಂಟು. "ಅಜ್ಜಿ, ನೀನು ಬಂದರೆ ಬೇಸ್‌ಮೆಂಟೇ ನಿನ್ನ ರೂಮು" ಅಂದೆಯಲ್ಲ, ಅದಕ್ಕೇ ಈ ಕಾಗದ. ನಿನ್ನ ಪ್ರೀತಿ ದೊಡ್ಡದು ಮಗೂ. ಆದರೆ ಆ ರೂಮಿನಲ್ಲಿ ನನಗಿಂತ ಮೊದಲೇ ಬೇರೊಬ್ಬ ನೆಂಟ ಬಂದು ಕೂತಿದ್ದಾನೋ ಏನೋ, ನೋಡಿದೆಯಾ?

ನೋಡಿರುವುದಿಲ್ಲ. ಪಾಯಸ ಆರುವ ಮೊದಲೇ ಬಾಯಿಗಿಟ್ಟು ನಾಲಗೆ ಸುಟ್ಟುಕೊಳ್ಳುತ್ತಿದ್ದ ಕೂಸು ನೀನು. ಈಗ ಏಜೆಂಟು ಹೇಳುತ್ತಾನಂತೆ: "ಇನ್ನೂ ನಾಲ್ಕು ಜನ ಕಾದಿದ್ದಾರೆ, ಇನ್‌ಸ್ಪೆಕ್ಷನ್ ಬೇಡ ಅಂತ ಬರೆದುಕೊಟ್ಟರೆ ಮನೆ ನಿಮಗೇ." ನೀನು ಪೆನ್ನು ಹುಡುಕುತ್ತಿದ್ದೀಯ. ಸ್ವಲ್ಪ ನಿಲ್ಲು. ತರಕಾರಿಯವಳ ಹತ್ತಿರ ಬೆಂಡೆಕಾಯಿಯ ತುದಿ ಮುರಿದು ನೋಡದೆ ನಾನು ಅರ್ಧ ಕೆಜಿಯನ್ನೂ ಕೊಂಡವಳಲ್ಲ. ನೀನು ಮೂವತ್ತು ವರ್ಷದ ಸಾಲ ಮಾಡಿ ಮನೆ ಕೊಳ್ಳುವಾಗ ತುದಿ ಮುರಿಯುವುದು ಬೇಡವೇ?

ನಾನು ಹೇಳುತ್ತಿರುವ ನೆಂಟನ ಹೆಸರು ರೇಡಾನ್. ಹೈಸ್ಕೂಲಿನಲ್ಲಿ ಮೂವತ್ತೆರಡು ವರ್ಷ ವಿಜ್ಞಾನ ಹೇಳಿಕೊಟ್ಟವಳು ನಾನು. ಹೀಲಿಯಂ, ನಿಯಾನ್, ಆರ್ಗಾನ್, ಕ್ರಿಪ್ಟಾನ್, ಕ್ಸೆನಾನ್, ರೇಡಾನ್ ಎಂದು ಬೋರ್ಡಿನ ಮೇಲೆ ಸಾಲಾಗಿ ಬರೆದು, "ಇವು ಜಡ ಅನಿಲಗಳು, ಯಾರ ತಂಟೆಗೂ ಹೋಗುವುದಿಲ್ಲ" ಎಂದು ಹೇಳಿ, ಡಸ್ಟರ್ ಕೊಡವಿ ಹೊರಬರುತ್ತಿದ್ದೆ. ಪರೀಕ್ಷೆಯಲ್ಲಿ ಒಂದು ಅಂಕದ ಪ್ರಶ್ನೆ ಅದು. ಅದೇ ರೇಡಾನಿನ ಜೊತೆ ಒಂದೇ ಕೋಣೆಯಲ್ಲಿ ಆರು ತಿಂಗಳು ಮಲಗಿದ್ದು ಮಾತ್ರ ರಿಟೈರ್ ಆದ ಮೇಲೆ, ಅಲ್ಲೇ ಪೆನ್ಸಿಲ್ವೇನಿಯಾದ ನಿಮ್ಮತ್ತೆಯ ಮನೆಯಲ್ಲಿ. ಆಗ ನನ್ನ ಪಾಠವನ್ನು ನಾನೇ ತಿದ್ದಿಕೊಳ್ಳಬೇಕಾಯಿತು.

ಕಲ್ಲು ಮಣ್ಣಿನಲ್ಲಿ ಎಲ್ಲೆಲ್ಲೂ ಚೂರುಪಾರು ಯುರೇನಿಯಂ ಇರುತ್ತದೆ. ಅದು ಯುಗಯುಗಗಳ ಕಾಲ ಕ್ಷಯಿಸುತ್ತಾ ರೇಡಿಯಂ ಆಗುತ್ತದೆ, ರೇಡಿಯಂ ಕ್ಷಯಿಸಿ ರೇಡಾನ್ ಆಗುತ್ತದೆ. ಈ ವಂಶದಲ್ಲಿ ಹಿರಿಯರೆಲ್ಲ ಘನವಸ್ತುಗಳು, ಕೂತಲ್ಲೇ ಕೂತಿರುತ್ತಾರೆ. ಇವನೊಬ್ಬ ಮಾತ್ರ ಗಾಳಿ, ಊರು ಸುತ್ತುವವನು. ಮಣ್ಣಿನ ಸಂದಿಯಲ್ಲಿ ನುಸುಳಿ ಮೇಲೆ ಬರುತ್ತಾನೆ. ಬಯಲಿಗೆ ಬಂದರೆ ಗಾಳಿಯಲ್ಲಿ ಚೆದುರಿಹೋಗುತ್ತಾನೆ, ತೊಂದರೆಯಿಲ್ಲ. ಮನೆಯ ಅಡಿಗೆ ಬಂದರೆ ನೆಲದ ಬಿರುಕು, ಪೈಪು ಇಳಿದ ಕಡೆಯ ಸಂದು, ಬಸಿದ ನೀರು ಸೇರುವ ಸಂಪ್ ಗುಂಡಿ, ಹೀಗೆ ಸಿಕ್ಕಿದ ಕಡೆಯಿಂದ ಒಳಗೆ ಬರುತ್ತಾನೆ. ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ.

ಚಳಿಗಾಲದಲ್ಲಂತೂ ನೀವೇ ಅವನನ್ನು ಎಳೆದುಕೊಳ್ಳುತ್ತೀರಿ. ಹೀಟರಿನ ಬಿಸಿಗಾಳಿ ಮೇಲೇರಿ ಅಟ್ಟದ ಸಂದುಗಳಿಂದ ಹೊರಗೆ ಹೋಗುತ್ತದೆ. ಹೋದಷ್ಟು ಗಾಳಿಯನ್ನು ಮನೆ ಕೆಳಗಿನಿಂದ ಎಳೆದುಕೊಳ್ಳುತ್ತದೆ. ಊರಿನ ಮನೆಯಲ್ಲಿ ಒಲೆಯ ಹೊಗೆಯನ್ನು ಹೊಗೆಗೂಡು ಎಳೆಯುತ್ತಿದ್ದುದು ನೆನಪಿದೆಯಾ? ಹಾಗೆಯೇ. ಇಡೀ ಮನೆಯೇ ಹೊಗೆಗೂಡು, ಅದರ ಬುಡ ಮಾತ್ರ ಮಣ್ಣಿನಲ್ಲಿ.

ಅಪ್ಪ ಸಾಧು, ಮಕ್ಕಳು ಪುಂಡರು ಎನ್ನುತ್ತಾರಲ್ಲ, ರೇಡಾನಿನ ಸಂಸಾರ ಅಂಥದ್ದು. ರೇಡಾನ್ ಉಸಿರಿನೊಡನೆ ಒಳಗೆ ಹೋಗಿ ಬಹುಪಾಲು ಹಾಗೇ ಹೊರಗೆ ಬಂದುಬಿಡುತ್ತದೆ. ಆದರೆ 3.8 ದಿನಕ್ಕೆ ಅದರಲ್ಲಿ ಅರ್ಧ ಕ್ಷಯಿಸುತ್ತದೆ, ಪೊಲೋನಿಯಂ ಹುಟ್ಟುತ್ತದೆ. ಅದು ಅನಿಲವಲ್ಲ. ಧೂಳಿಗೆ ಅಂಟಿಕೊಂಡು ಶ್ವಾಸಕೋಶಕ್ಕೆ ಇಳಿದು ಅಲ್ಲೇ ಠಿಕಾಣಿ ಹೂಡುತ್ತದೆ, ಆಲ್ಫಾ ಕಣಗಳನ್ನು ಸಿಡಿಸುತ್ತದೆ. ಆಲ್ಫಾ ಕಣವನ್ನು ಒಂದು ಹಾಳೆ ಕಾಗದ ತಡೆಯುತ್ತದೆ ಎಂದೂ ನಾನೇ ಪಾಠ ಮಾಡಿದ್ದೆ. ನಿಜ. ಆದರೆ ಶ್ವಾಸಕೋಶದ ಒಳಗೋಡೆಗೆ ಆ ಕಾಗದದಷ್ಟೂ ರಕ್ಷಣೆಯಿಲ್ಲ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಅಂದಾಜಿನಲ್ಲಿ ಆ ದೇಶವೊಂದರಲ್ಲೇ ವರ್ಷಕ್ಕೆ ಸುಮಾರು 21,000 ಜನ ರೇಡಾನಿನಿಂದ ಬಂದ ಶ್ವಾಸಕೋಶದ ಕ್ಯಾನ್ಸರಿನಿಂದ ಸಾಯುತ್ತಾರೆ. ಅವರಲ್ಲಿ 2,900 ಜನ ಎಂದೂ ಬೀಡಿ ಸಿಗರೇಟು ಮುಟ್ಟಿದವರಲ್ಲ.

ನಿಮ್ಮ ಪೆನ್ಸಿಲ್ವೇನಿಯಾದ ಕಥೆಯನ್ನೇ ಕೇಳು. 1984ರ ಡಿಸೆಂಬರ್. ಲಿಮರಿಕ್ ಎಂಬಲ್ಲಿ ಅಣುಸ್ಥಾವರ ಕಟ್ಟುತ್ತಿದ್ದರು. ಅಲ್ಲಿನ ಇಂಜಿನಿಯರ್ ಸ್ಟ್ಯಾನ್ಲಿ ವಾಟ್ರಸ್ ವಿಕಿರಣ ಪತ್ತೆ ಮಾಡುವ ಯಂತ್ರದ ಮುಂದೆ ನಿಂತಾಗಲೆಲ್ಲ ಅದು ಕಿರುಚುತ್ತಿತ್ತು. ಸ್ಥಾವರದಲ್ಲಿ ಇನ್ನೂ ವಿದ್ಯುತ್ ತಯಾರಿಕೆಯೇ ಶುರುವಾಗಿರಲಿಲ್ಲ! ಕೊನೆಗೆ ಮನೆಯಿಂದ ಆಗಷ್ಟೇ ಬಂದು ನಿಂತಾಗಲೂ ಕಿರುಚಿತು. ಆತ ವಿಕಿರಣವನ್ನು ಸ್ಥಾವರದಿಂದ ಮನೆಗೆ ಒಯ್ಯುತ್ತಿರಲಿಲ್ಲ, ಮನೆಯಿಂದ ಸ್ಥಾವರಕ್ಕೆ ತರುತ್ತಿದ್ದ. ಬಾಯರ್‌ಟೌನ್ ಹತ್ತಿರದ ಆ ಮನೆಯಲ್ಲಿ ಅಳೆದರೆ ಲೀಟರ್ ಗಾಳಿಗೆ ಸುಮಾರು 2,700 ಪಿಕೋಕ್ಯೂರಿ. ಈಗ ಅಲ್ಲಿ ಸರ್ಕಾರ ಹಾಕಿರುವ ಗೆರೆ 4. ಕುಟುಂಬ ಮನೆ ಬಿಟ್ಟಿತು, ಮನೆ ರಿಪೇರಿಯಾಯಿತು, ತಿಂಗಳುಗಳ ಮೇಲೆ ಮತ್ತೆ ಅದೇ ಮನೆಗೆ ಬಂತು. ಆ ಮನೆಯೇ ಸರಿಹೋಯಿತು ಎಂದಮೇಲೆ ನಿನ್ನ ಮನೆ ಸರಿಹೋಗದೆ ಇರುತ್ತದೆಯೇ?

ವಾಟ್ರಸ್‌ಗೆ ಯಂತ್ರ ಹೇಳಿತು. ನಿನಗೆ ಯಾರು ಹೇಳುತ್ತಾರೆ? ಕೆಮ್ಮು ಬರುವುದಿಲ್ಲ, ತಲೆ ನೋಯುವುದಿಲ್ಲ, ಕಣ್ಣು ಉರಿಯುವುದಿಲ್ಲ. ನಿಮ್ಮ ಮಾವ ಇದನ್ನೇ ಹಿಡಿದು ಕೂತಿದ್ದ. "ಎಂಟು ವರ್ಷದಿಂದ ಇದ್ದೇವೆ ಅತ್ತೆ, ಒಂದು ಶೀತ ಕೂಡ ಇಲ್ಲ." ಒಳ್ಳೆಯ ಹುಡುಗ, ಆದರೆ ಎಲ್ಲ ಕೆಲಸಕ್ಕೂ "ವೀಕೆಂಡಿಗೆ" ಎನ್ನುವ ಜಾತಿ. ಕೊನೆಗೆ ನಿಮ್ಮತ್ತೆಯೇ ಅಂಗಡಿಯಿಂದ ಇದ್ದಿಲು ತುಂಬಿದ ಪರೀಕ್ಷೆಯ ಡಬ್ಬಿ ತಂದಳು. ಹಿಂದಿನ ದಿನದಿಂದಲೇ ಕಿಟಕಿ ಬಾಗಿಲು ಮುಚ್ಚಿ, ಬೇಸ್‌ಮೆಂಟಿನಲ್ಲಿ ನನ್ನ ಮಂಚದ ಹತ್ತಿರ ಒಂದು ಸ್ಟೂಲಿನ ಮೇಲೆ ಇಟ್ಟೆವು. ಎರಡನೇ ದಿನ ನಾನು ಹುಳಿಗೆ ಗುಂಟೂರು ಮೆಣಸಿನಕಾಯಿ ಒಗ್ಗರಣೆ ಹಾಕಿದೆ. ಘಾಟು ಹತ್ತಿತು, ಸ್ಮೋಕ್ ಅಲಾರಂ ಬೊಬ್ಬೆ ಹೊಡೆಯಿತು, ಗಾಬರಿಯಾಗಿ ಮನೆಯ ಕಿಟಕಿಗಳನ್ನೆಲ್ಲ ತೆರೆದುಬಿಟ್ಟೆ. ಪರೀಕ್ಷೆ ಹಾಳಾಯಿತು, ಇನ್ನೊಂದು ಡಬ್ಬಿ ತರಬೇಕಾಯಿತು. ಆ ಹೊತ್ತು ನನಗೆ ಹೊಳೆದದ್ದು ಇಷ್ಟೇ: ನಾಲ್ಕು ಮೆಣಸಿನಕಾಯಿಗೆ ಊರು ಸೇರಿಸುವ ಯಂತ್ರ ರೇಡಾನಿಗೆ ತುಟಿ ಬಿಚ್ಚುವುದಿಲ್ಲ. ನಮ್ಮ ಮೂಗೂ ಅಷ್ಟೇ. ಮೂಗನ್ನು ನಂಬಬೇಡ, ಅಳತೆಯನ್ನು ನಂಬು.

ಎರಡನೇ ಡಬ್ಬಿಯನ್ನು ಲ್ಯಾಬಿಗೆ ಕಳಿಸಿದೆವು. ಒಂಬತ್ತು ಚಿಲ್ಲರೆ ಪಿಕೋಕ್ಯೂರಿ ಎಂದು ಬಂತು. ನಿಮ್ಮ ಮಾವನಿಗೆ ಆ ಸಲ ವೀಕೆಂಡ್ ಬುಧವಾರವೇ ಬಂತು.

ರಿಪೇರಿಗೆ ಲೈಸೆನ್ಸ್ ಇರುವವರನ್ನೇ ಕರೆಸಿದರು. ನಾನು ಕುರ್ಚಿ ಹಾಕಿಕೊಂಡು ಕೂತು ನೋಡಿದೆ. ಕಾಂಕ್ರೀಟ್ ನೆಲಕ್ಕೆ ಡ್ರಿಲ್ ಹಾಕಿ ಒಂದು ತೂತು ಕೊರೆದರು. ಅಡಿಯ ಜಲ್ಲಿಯನ್ನು ಕೈಯಿಂದ ಬಾಚಿ ತೆಗೆದು ಬಕೆಟ್ಟಿಗೆ ತುಂಬಿದರು. ಆ ಗುಳಿಗೆ ಪಿವಿಸಿ ಪೈಪು ಇಳಿಸಿ, ಗ್ಯಾರೇಜಿನ ಮೂಲೆಯಿಂದ ಅಟ್ಟಕ್ಕೆ ಒಯ್ದು, ಅಲ್ಲಿ ಒಂದು ಫ್ಯಾನು ಕೂರಿಸಿ, ಬಾಯನ್ನು ಮಾಡಿನ ಮೇಲಕ್ಕೆ ಬಿಟ್ಟರು. ಬಿರುಕುಗಳಿಗೆ ಮೇಣದಂಥದ್ದು ತುಂಬಿದರು, ಸಂಪ್ ಗುಂಡಿಗೆ ಮುಚ್ಚಳ ಹಾಕಿದರು. ಅಷ್ಟೇ. ಫ್ಯಾನು ಹಗಲು ರಾತ್ರಿ ನೆಲದಡಿಯ ಗಾಳಿಯನ್ನು ಎಳೆದು ಆಕಾಶಕ್ಕೆ ಬಿಡುತ್ತದೆ. ನೆಂಟನನ್ನು ಜಗಲಿಯಿಂದಲೇ ಸಾಗಹಾಕಿದ ಹಾಗೆ. ಮತ್ತೆ ಅಳೆದರೆ ಒಂದಕ್ಕಿಂತ ಕೆಳಗೆ ಇಳಿದಿತ್ತು. ಖರ್ಚು ಹೆಚ್ಚುಕಡಿಮೆ ನೀನು ಎರಡು ವರ್ಷಕ್ಕೊಮ್ಮೆ ಬದಲಿಸುವ ಫೋನಿನಷ್ಟು.

ಆ ಪೈಪಿನ ಮೇಲೆ ಇಂಗ್ಲಿಷಿನ 'ಯು' ಅಕ್ಷರದ ಹಾಗೆ ಬಾಗಿದ ಸಣ್ಣ ನಳಿಗೆ ಅಂಟಿಸಿರುತ್ತಾರೆ, ಒಳಗೆ ಕೆಂಪು ದ್ರವ. ಎರಡು ಬದಿಯಲ್ಲಿ ದ್ರವ ಮೇಲೆ ಕೆಳಗೆ ಇದ್ದರೆ ಫ್ಯಾನು ಎಳೆಯುತ್ತಿದೆ ಎಂದರ್ಥ. ಸಮವಾಗಿ ನಿಂತರೆ ಫ್ಯಾನು ನಿಂತಿದೆ. ಸಮವಾಗಿದ್ದರೆ ಒಳ್ಳೆಯದು ಎನ್ನುವ ಮಾತು ಈ ನಳಿಗೆಗೆ ಮಾತ್ರ ಅನ್ವಯಿಸುವುದಿಲ್ಲ. ಬೆಳಿಗ್ಗೆ ಕಾಫಿ ಲೋಟ ಹಿಡಿದು ಅದನ್ನು ನೋಡುವುದು ನನಗೆ ಪಂಚಾಂಗ ನೋಡಿದ ಹಾಗೆ ಅಭ್ಯಾಸವಾಯಿತು. ಒಂದು ಗಾಳಿಮಳೆಯ ಮರುದಿನ ದ್ರವ ಸಮನಾಗಿ ನಿಂತಿತ್ತು. ಬ್ರೇಕರ್ ಬಿದ್ದು ಫ್ಯಾನು ನಿಂತುಹೋಗಿತ್ತು. ಮನೆಯಲ್ಲಿದ್ದ ಇಬ್ಬರು ಇಂಜಿನಿಯರುಗಳಿಗೂ ಗೊತ್ತಾಗಿರಲಿಲ್ಲ. ಯಂತ್ರ ಕೂರಿಸುವುದು ದುಡ್ಡಿನ ಕೆಲಸ, ದಿನಾ ಒಮ್ಮೆ ನೋಡುವುದು ಗುಣದ ಕೆಲಸ. ಎರಡನೆಯದನ್ನು ಯಾವ ಅಂಗಡಿಯಲ್ಲೂ ಮಾರುವುದಿಲ್ಲ.

ಈಗ ನಿನ್ನ ನೆಪಗಳನ್ನು ನಾನೇ ಹೇಳುತ್ತೇನೆ, ನಿನಗೆ ಶ್ರಮ ಬೇಡ. "ಮನೆ ಹೊಸದು" ಎನ್ನುತ್ತೀಯ. ಮನೆ ಹೊಸದು, ಅಡಿಯ ಮಣ್ಣು ಹಳೆಯದೇ. "ಪಕ್ಕದ ಮನೆಯವರಿಗೆ ಕಡಿಮೆ ಬಂತು" ಎನ್ನುತ್ತೀಯ. ಪಕ್ಕದ ಮನೆಯವರು ಊಟ ಮಾಡಿದರೆ ನಿನ್ನ ಹೊಟ್ಟೆ ತುಂಬುತ್ತದೆಯೇ? ಗೋಡೆಗೆ ಗೋಡೆ ತಾಗಿದ ಮನೆಗಳಲ್ಲೂ ಅಳತೆ ಬೇರೆ ಬರುತ್ತದೆ. "ಕಿಟಕಿ ತೆಗೆದಿಡುತ್ತೇನೆ" ಎನ್ನುತ್ತೀಯ. ಜನವರಿಯ ಹಿಮದಲ್ಲಿ ಎಷ್ಟು ಹೊತ್ತು ತೆಗೆದಿಡುತ್ತೀಯೋ ನೋಡೋಣ. "ಬಿರುಕು ಮುಚ್ಚಿಸಿದ್ದೇನೆ" ಎನ್ನುತ್ತೀಯ. ಬರೀ ಬಿರುಕು ಮುಚ್ಚಿದರೆ ಸಾಲದು, ಅವನು ಇನ್ನೊಂದು ಸಂದು ಹುಡುಕುತ್ತಾನೆ. ನಿಮ್ಮ ರಾಜ್ಯ ಸರ್ಕಾರವೇ ಹೇಳುವ ಪ್ರಕಾರ ಅಲ್ಲಿನ ನೂರು ಮನೆಗಳಲ್ಲಿ ಸುಮಾರು ನಲವತ್ತು 4ರ ಗೆರೆ ದಾಟಿವೆ. ಅದೃಷ್ಟ ಪರೀಕ್ಷಿಸಲು ಲಾಟರಿ ಇದೆ, ಬೇಸ್‌ಮೆಂಟು ಬೇಡ.

ಹಾಗೆಂದು ಅತಿ ಹೆದರಿಕೆಯೂ ಬೇಡ. ಅಡುಗೆಕಟ್ಟೆಯ ಗ್ರಾನೈಟಿನಿಂದ ರೇಡಾನ್ ಬರುತ್ತದೆ ಎಂದು ಯಾರೋ ಹೆದರಿಸಿದರೆಂದು ನಿಮ್ಮತ್ತೆ ಹೊಸ ಕಟ್ಟೆಯನ್ನೇ ಕೀಳಿಸಲು ಹೊರಟಿದ್ದಳು. ನಮ್ಮ ಇಳಕಲ್, ಚಾಮರಾಜನಗರದ ಕಲ್ಲು ಹೊರದೇಶಗಳಿಗೂ ಹೋಗುತ್ತದೆ, ಅದರ ಮರ್ಯಾದೆ ಉಳಿಸಬೇಕಲ್ಲ ಎಂದು ನಾನೇ ತಡೆದೆ. ಕಲ್ಲಿನಿಂದ ಚೂರು ಬರಬಹುದು, ಆದರೆ ಮನೆ ತುಂಬುವುದು ನೆಲದಡಿಯ ಮಣ್ಣಿನಿಂದ. ಕೊಳವೆಬಾವಿ ನೀರಿನ ಮನೆಯಾದರೆ ನೀರನ್ನೂ ಒಮ್ಮೆ ಪರೀಕ್ಷೆ ಮಾಡಿಸು. ಸ್ನಾನದ ಬಿಸಿನೀರಿನಿಂದಲೂ ರೇಡಾನ್ ಗಾಳಿಗೆ ಬಿಡುಗಡೆಯಾಗುತ್ತದೆ.

ಇನ್ನೊಂದು ಮಾತು, ಸ್ವಲ್ಪ ಕಹಿ. ಸಿಗರೇಟು ಬಿಟ್ಟಿದ್ದೇನೆ ಎಂದಿದ್ದೀಯ, ನಂಬಿದ್ದೇನೆ. ಆದರೂ ಈ ಲೆಕ್ಕ ಕೇಳಿಸಿಕೋ. ಜೀವನಪೂರ್ತಿ 4 ಪಿಕೋಕ್ಯೂರಿಯ ಗಾಳಿ ಉಸಿರಾಡುವ ಸಾವಿರ ಜನರಲ್ಲಿ, ಎಂದೂ ಸೇದದವರಾದರೆ ಸುಮಾರು 7 ಮಂದಿಗೆ ಶ್ವಾಸಕೋಶದ ಕ್ಯಾನ್ಸರ್ ಬರಬಹುದು, ಸೇದುವವರಾದರೆ ಸುಮಾರು 62 ಮಂದಿಗೆ. ಎರಡು ಶತ್ರುಗಳು ಕೈ ಜೋಡಿಸಿದರೆ ಹೀಗೇ ಆಗುವುದು. ಬೇಸ್‌ಮೆಂಟಿನ ಬಾಗಿಲ ಹಿಂದೆ ನಿಂತು ಸೇದಿ, ಯಾರೂ ನೋಡಲಿಲ್ಲ ಅಂದುಕೊಳ್ಳಬೇಡ.

"ಹಾಗಾದರೆ ಮೈಸೂರಿನಲ್ಲಿ ಇಲ್ಲವೇ ಅಜ್ಜಿ?" ಎಂದು ನೀನು ಕೇಳಿಯೇ ಕೇಳುತ್ತೀಯ. ಇದೆ. ನಮ್ಮ ಕಾಲಡಿ ಇರುವುದೂ ಹಳೆಯ ಗಟ್ಟಿಕಲ್ಲೇ. ಮೈಸೂರು ವಿಶ್ವವಿದ್ಯಾಲಯದ ಭೌತಶಾಸ್ತ್ರದವರು ಇಲ್ಲಿನ ಮನೆಗಳಲ್ಲೂ ಅಳೆದಿದ್ದಾರೆ. ಆದರೆ ನಮ್ಮಲ್ಲಿ ನೆಲಮಾಳಿಗೆಯಲ್ಲಿ ಮಲಗುವವರು ಕಡಿಮೆ. ಬೆಳಗಾದರೆ ಬಾಗಿಲು ತೆರೆದು ರಂಗೋಲಿ ಹಾಕುತ್ತೇವೆ, ರಾತ್ರಿಯವರೆಗೆ ಕಿಟಕಿ ತೆರೆದೇ ಇರುತ್ತದೆ. ಬಡತನಕ್ಕೋ ಸೆಕೆಗೋ ಬಂದ ಅಭ್ಯಾಸ, ಪುಣ್ಯಕ್ಕೆ ಒಳ್ಳೆಯದೇ ಆಯಿತು. ನೀವು ಚಳಿಗೆ ಮನೆಯನ್ನು ಉಪ್ಪಿನಕಾಯಿ ಜಾಡಿಯ ಹಾಗೆ ಬಿಗಿಯಾಗಿ ಮುಚ್ಚುವವರು. ಮುಚ್ಚಿದ ಜಾಡಿಯಲ್ಲಿ ಏನಿದೆ ಎಂದು ತಿಳಿದಿರಬೇಕು.

ಹಾಗಾಗಿ ಮಗೂ, ಕಾಗದಕ್ಕೆ ಸಹಿ ಮಾಡುವ ಮೊದಲು ರೇಡಾನ್ ಪರೀಕ್ಷೆ ಬೇಕೇ ಬೇಕು ಎಂದು ಬರೆಸು. ಏಜೆಂಟು ಮುಖ ಸಿಂಡರಿಸಿದರೆ ಸಿಂಡರಿಸಲಿ, ಆ ಬೇಸ್‌ಮೆಂಟಿನಲ್ಲಿ ಮಲಗುವವನು ಅವನಲ್ಲ. 4 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಮನೆ ಬಿಡಬೇಕಾಗಿಲ್ಲ, ರಿಪೇರಿ ಖರ್ಚು ಯಾರದು ಎಂದು ಮಾತಾಡು. ವಿಶ್ವ ಆರೋಗ್ಯ ಸಂಸ್ಥೆಯ ಗೆರೆ ಇನ್ನೂ ಕೆಳಗಿದೆ, ನಿಮ್ಮ ಲೆಕ್ಕದಲ್ಲಿ 2.7. ಹಾಗಾಗಿ 2ರಿಂದ 4ರ ನಡುವೆ ಬಂದರೂ ಇಳಿಸಲು ನೋಡು. ಎಷ್ಟು ಇಳಿಸಿದರೂ ಸೊನ್ನೆ ಆಗುವುದಿಲ್ಲ, ಹೊರಗಿನ ಗಾಳಿಯಲ್ಲೂ ಚೂರು ಇದ್ದೇ ಇರುತ್ತದೆ. ಮನೆ ಸೇರಿದ ಮೇಲೆ ಎರಡು ವರ್ಷಕ್ಕೊಮ್ಮೆ, ಫೋನ್ ಬದಲಿಸುವಾಗಲೆಲ್ಲ, ಇನ್ನೊಂದು ಡಬ್ಬಿ ಇಡು. ಮರೆಯುವುದಿಲ್ಲ, ಫೋನನ್ನು ನೀನು ಮರೆತದ್ದನ್ನು ನಾನು ಕಂಡಿಲ್ಲ.

ಮೊದಲು ಆ ಸಂಖ್ಯೆ ಕಳಿಸು, ಆಮೇಲೆ ನನ್ನ ಟಿಕೆಟ್ ತೆಗೆಸು. ಪರೀಕ್ಷೆಯ ಡಬ್ಬಿ ಇಟ್ಟಿರುವ ಎರಡು ದಿನ ಮಾತ್ರ ಒಗ್ಗರಣೆ ಇಲ್ಲ, ಮೊಸರನ್ನವೇ.