ಕಡತ ಮತ್ತು ಓಲೆಗರಿ: ಹಳೆಯ ಬರಹಗಳ ರಕ್ಷಣೆ

ಇಂದು ಕಚೇರಿಯ ಕಾಗದಪತ್ರಗಳ ಕಟ್ಟಿಗೆ ‘ಕಡತ’ ಎಂಬ ಹೆಸರು ರೂಢಿಯಲ್ಲಿದೆ. ಮೊದಲು ಈ ಪದ ಸೂಚಿಸುತ್ತಿದ್ದುದು ಬಟ್ಟೆಯ ಪುಸ್ತಕವನ್ನು. ಹುಣಸೆಬೀಜದ ಅಂಟಿನಲ್ಲಿ ಇದ್ದಿಲಿನ ಪುಡಿ ಕಲಸಿ, ಬಟ್ಟೆಯ ಎರಡೂ ಮೈಗೆ ಬಳಿದು ಒಣಗಿಸಿ, ಆ ಕಪ್ಪುಪಟ್ಟಿಯನ್ನು ಹಿಂದುಮುಂದಾಗಿ ಮಡಿಸಿ, ಬಳಪದಿಂದ ಬರೆಯುತ್ತಿದ್ದರು. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್, 1810ರಲ್ಲಿ ಮೊದಲ ಸಂಪುಟ ಹೊರಬಂದ ತನ್ನ ಇತಿಹಾಸಗ್ರಂಥದಲ್ಲಿ, ಇಂತಹ ಪಟ್ಟಿಗಳು 12ರಿಂದ 18 ಅಡಿ ಉದ್ದವಿರುತ್ತಿದ್ದುವೆಂದು ಬಣ್ಣಿಸಿದ್ದಾನೆ. ವರ್ತಕರ ಲೆಕ್ಕ, ಊರಿನ ದಾಖಲೆ ಎಲ್ಲವೂ ಇದರಲ್ಲಿಯೇ ಇರುತ್ತಿದ್ದುವು. ಶೃಂಗೇರಿ ಮಠದ ಕಡತಗಳು ಇಂದಿಗೂ ಇತಿಹಾಸಕಾರರಿಗೆ ಆಕರಗಳಾಗಿವೆ.

ಪೆನುಕೊಂಡ, ಮಡಕಶಿರಾ ಸೀಮೆಯ ಮಕ್ಕಳಿಗೆ ಈ ಪಾಠ ದೂರದ್ದಲ್ಲ. 1565ರ ಯುದ್ಧದ ತರುವಾಯ ವಿಜಯನಗರದ ಅರಸರು ಪೆನುಕೊಂಡವನ್ನು ರಾಜಧಾನಿ ಮಾಡಿಕೊಂಡರು. ಅಮರಾಪುರದ ಬಳಿಯ ಹೇಮಾವತಿ ನೊಳಂಬರ ರಾಜಧಾನಿಯಾಗಿತ್ತು. ಅಲ್ಲಿಯ ಕನ್ನಡ ಶಾಸನಗಳು ಕಲ್ಲಿನವಾದ್ದರಿಂದ ಉಳಿದುವು. ಬಟ್ಟೆಗೂ ಗರಿಗೂ ಆ ಭಾಗ್ಯವಿಲ್ಲ. ಮನೆಯಲ್ಲಿ ಅಕ್ಷರ ಬಲ್ಲವರು ಇಲ್ಲವಾದಾಗ ಅಟ್ಟದ ಕಟ್ಟು ಒಲೆಯನ್ನೋ ಹೊಳೆಯನ್ನೋ ಸೇರುತ್ತದೆ. ಕನ್ನಡ ಮಾಧ್ಯಮದ ವಿದ್ಯಾರ್ಥಿಯೇ ಆ ಮನೆಯ ಕೊನೆಯ ಓದುಗನಾಗಿರಬಹುದೆಂಬುದನ್ನು ಶಿಕ್ಷಕರು ನೆನಪಿನಲ್ಲಿಡಬೇಕು.

ರಕ್ಷಣೆಯ ಕ್ರಮವು ವಸ್ತುವಿನ ಗುಣವನ್ನು ಅನುಸರಿಸುತ್ತದೆ. ಇಲ್ಲಿಯೇ ತಪ್ಪುಗಳು ಹೆಚ್ಚು. ಓಲೆಗರಿಯಲ್ಲಿ ಕಂಠದ ಮೊನೆಯಿಂದ ಕೊರೆದ ಗೆರೆಗೆ ಮಸಿ ತುಂಬಿರುತ್ತದೆ. ಆದ್ದರಿಂದ ಬಲ್ಲವರು ಒಣಗಿದ ಗರಿಗೆ ನಿಂಬೆಹುಲ್ಲಿನ ಎಣ್ಣೆಯನ್ನು ತೆಳುವಾಗಿ ಸವರುತ್ತಾರೆ, ಗರಿ ಮೆದುವಾಗುತ್ತದೆ, ಹುಳುವೂ ದೂರವಿರುತ್ತದೆ. ಅದೇ ಉಪಚಾರವನ್ನು ಕಡತಕ್ಕೆ ಮಾಡಿದರೆ ಅನಾಹುತ: ಬಳಪದ ಬರಹ ಮೇಲ್ಮೈಯಲ್ಲಿಯೇ ಕುಳಿತಿರುವುದರಿಂದ ಒಂದು ಒದ್ದೆ ಬಟ್ಟೆ ಸಾಕು, ನೂರು ವರ್ಷದ ಲೆಕ್ಕ ಅಳಿಸಿಹೋಗುತ್ತದೆ. ಶ್ರದ್ಧೆಯಿಂದ ಒರೆಸುವ ಕೈಯೇ ಇದಕ್ಕೆ ಗೆದ್ದಲಿಗಿಂತ ದೊಡ್ಡ ಶತ್ರು! ಮುದ್ರಿತ ಪುಸ್ತಕದ ಕಥೆ ಬೇರೆ. ಮರದ ತಿರುಳಿನ ಅಗ್ಗದ ಕಾಗದದಲ್ಲಿ ಆಮ್ಲವಿರುವುದರಿಂದ ಅದು ತಾನಾಗಿಯೇ ಹಳದಿಗಟ್ಟಿ ಮುರಿಯುತ್ತದೆ. ಹರಿದ ಹಾಳೆಗೆ ಅಂಟುಪಟ್ಟಿ ಹಚ್ಚಬಾರದು. ಅದರ ಗೋಂದು ಕೆಲವೇ ವರ್ಷಗಳಲ್ಲಿ ಕಂದು ಕಲೆಯಾಗಿ ಅಕ್ಷರವನ್ನು ನುಂಗುತ್ತದೆ. ತುಕ್ಕು ಹಿಡಿಯುವ ಗುಂಡುಸೂಜಿ, ರಬ್ಬರ್ ಪಟ್ಟಿಗಳೂ ಬೇಡ.

ಚಟುವಟಿಕೆಗಾಗಿ ತರಗತಿಯಲ್ಲಿ ಒಂದು ಮೊಳ ಹಳೆಯ ಹತ್ತಿಬಟ್ಟೆಯಿಂದ ಕಡತವನ್ನು ತಯಾರಿಸಿ, ಅದರ ಮೇಲೆ ಬಳಪದಿಂದ ಬರೆಯಿಸಬಹುದು. ಬಳಿಕ ಒಂದು ಮೂಲೆಯನ್ನು ಒದ್ದೆ ಬೆರಳಿನಿಂದ ಒರೆಸಿ ತೋರಿಸಬೇಕು. ಮನೆಯಲ್ಲಿ ಹಳೆಯ ಕಟ್ಟು ಇದ್ದರೆ ಮಕ್ಕಳು ಅದನ್ನು ಶಾಲೆಗೆ ತರುವುದು ಬೇಡ. ಇದ್ದಲ್ಲಿಯೇ, ನೆರಳಿನಲ್ಲಿ, ನೆಲದಿಂದ ಎತ್ತರದಲ್ಲಿ ಶುಭ್ರವಾದ ಒಣಬಟ್ಟೆ ಸುತ್ತಿಟ್ಟು, ಯಾರ ಮನೆಯದು, ಎಷ್ಟು ಗರಿ ಅಥವಾ ಮಡಿಕೆ, ಮೊದಲ ಸಾಲಿನಲ್ಲಿ ಓದಲಾದ ಅಕ್ಷರಗಳಾವುವು ಎಂಬುದನ್ನು ಹಿರಿಯರ ಒಪ್ಪಿಗೆ ಪಡೆದು ನೋಟ್‌ಪುಸ್ತಕದಲ್ಲಿ ಬರೆದುಕೊಂಡು ಬರಲಿ.